ಜ್ವರ ಇಲ್ಲದ ಕೂಸಿಗೆ ಔಷಧಿ

ನಮ್ಮನೆಯವರು ಅಕ್ಕಿ ಗಿರಣಿಯ ಕೆಲಸಕ್ಕೆಂದು ಬಂದ ಊರು ಇಫಕಾರಾ, ಟಾಂಜಾನಿಯಾದ ಒಂದು ಸಣ್ಣ ಪೇಟೆ. ಕಿಲೊಂಬೆರೊ ನದಿಯ ಬಯಲಿನ ತುಂಬ ಭತ್ತದ ಗದ್ದೆ, ಆಚೆಗೆ ಉಡ್ಜುಂಗ್ವಾ ಬೆಟ್ಟಸಾಲು. ಮಳೆಗಾಲದಲ್ಲಂತೂ ತೀರ್ಥಹಳ್ಳಿ ಕಡೆಗೇ ಬಂದ ಹಾಗಾಗುತ್ತದೆ. ಸೊಳ್ಳೆ ಮಾತ್ರ ನಮ್ಮೂರಿಗಿಂತ ಜಾಸ್ತಿ.

ಒಮ್ಮೆ ಪಕ್ಕದ ಮನೆಯವಳ ಜೊತೆ ಮಕ್ಕಳ ಕ್ಲಿನಿಕ್ಕಿಗೆ ಹೋಗಿದ್ದೆ. ಮಾವಿನ ಕೊಂಬೆಗೆ ತೂಕದ ಯಂತ್ರ ಕಟ್ಟಿದ್ದರು. ಕೂಸನ್ನು ಚಡ್ಡಿಯಂಥ ಬಟ್ಟೆಚೀಲಕ್ಕೆ ಇಳಿಸಿ ಕೊಕ್ಕೆಗೆ ನೇತುಹಾಕುವುದು, ನಮ್ಮಲ್ಲಿ ಅಡಿಕೆ ಮೂಟೆ ತೂಗುವ ಹಾಗೆ. ಆಮೇಲೆ ನರ್ಸ್ ಕೆಳಗಿನ ರೆಪ್ಪೆ ಜಗ್ಗಿ, ಒಳಗೆ ಕೆಂಪಿದೆಯಾ ಅಂತ ನೋಡಿದಳು.

ಕಳೆದ ಡಿಸೆಂಬರಿನಲ್ಲಿ ಊರಿಗೆ ಬಂದಾಗ ಇಫಕಾರಾದಲ್ಲೇ ನಡೆದ ಒಂದು ಪ್ರಯೋಗದ ವಿಷಯ ಅಜ್ಜಿಗೆ ಹೇಳಿದೆ. 2, 3 ಮತ್ತು 9ನೇ ತಿಂಗಳಿಗೆ ಲಸಿಕೆಗೆ ಬರುವ ಕೂಸಿಗೆ, ಜ್ವರ ಇರಲಿ ಬಿಡಲಿ, ಅವತ್ತೇ ಮಲೇರಿಯಾ ಔಷಧಿಯನ್ನೂ ಕೊಟ್ಟು ನೋಡಿದ್ದರು. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿ ಕೈ ನಿಲ್ಲಿಸಿದರು.

"ಅಲ್ವೇ ಮಾರಾಯ್ತಿ, ಜ್ವರ ಇಲ್ದಿದ್ ಕೂಸಿಗೆ ಔಷಧಿ ಕುಡಿಸ್ತಾರಾ? ಮತ್ತೆ ಅದರ ಮೈ ಜ್ವರ ತಡ್ಕೊಳ್ಳೋದು ಕಲಿಯೋದು ಯಾವಾಗ?"

ಅಜ್ಜಿ ಓದಿದ್ದು ನಾಲ್ಕನೇ ಕ್ಲಾಸು. ಸಂಶೋಧಕರಿಗೆ ತಲೆಬಿಸಿ ಮಾಡಿದ್ದೂ ಇದೇ ಪ್ರಶ್ನೆ! 1990ರ ದಶಕದಲ್ಲಿ ಇಫಕಾರಾದ ಕೂಸುಗಳಿಗೆ ವರ್ಷ ತುಂಬುವ ತನಕ ವಾರವಾರ ಔಷಧಿ ಕೊಟ್ಟಿದ್ದರು. ಕೊಡುವಷ್ಟು ದಿನ ಚೆನ್ನಾಗಿತ್ತು. ನಿಲ್ಲಿಸಿದ ಮೇಲೆ ಅದೇ ಮಕ್ಕಳಿಗೆ ಉಳಿದವರಿಗಿಂತ ಹೆಚ್ಚು ಮಲೇರಿಯಾ ಬಂತು. ಅದಕ್ಕೇ ಆಮೇಲೆ ಮೂರೇ ಸಲ ಕೊಟ್ಟು ನೋಡಿದ್ದು. 2001ರಲ್ಲಿ ಫಲಿತಾಂಶ ಹೊರಬಂತು. ಮೊದಲ ವರ್ಷದ ಮಲೇರಿಯಾ ಶೇ. 59ರಷ್ಟು ಇಳಿದಿತ್ತು, ತೀವ್ರ ರಕ್ತಹೀನತೆ ಅರ್ಧಕ್ಕರ್ಧ. ಔಷಧಿ ನಿಂತ ಮೇಲೆ ಕಾಯಿಲೆ ತಿರುಗಿ ಏರಲೂ ಇಲ್ಲ. ತಾಯಿ ಹೇಗೂ ಲಸಿಕೆಗೆ ಬಂದಿರುತ್ತಾಳಲ್ವಾ, ಇದಕ್ಕೆಂದೇ ಇನ್ನೊಂದು ಸಲ ಅಷ್ಟು ದೂರ ನಡೆಯಬೇಕಿಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಅದು.

ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು 2010ರಲ್ಲಿ. ಅಷ್ಟರಲ್ಲಿ ಈ ಕಡೆಯ ಮಲೇರಿಯಾ, ಲಸಿಕೆಯ ಜೊತೆ ಕೊಟ್ಟಿದ್ದ ಆ ಎಸ್‌ಪಿ ಎಂಬ ಔಷಧಿಗೆ ಬಗ್ಗದಂತಾಗಿತ್ತು. ಇಫಕಾರಾದ ಉಪಾಯವನ್ನು ಮೊದಲು ದೇಶದ ತುಂಬ ಜಾರಿಗೆ ತಂದಿದ್ದು ಖಂಡದ ಇನ್ನೊಂದು ತುದಿಯ ಸಿಯೆರಾ ಲಿಯೋನ್.

ಜ್ವರ ನೆತ್ತಿಗೇರಿ ಕೂಸಿಗೆ ಫಿಟ್ಸ್ ಬಂದರೆ ಇಫಕಾರಾದವರು 'ದೇಗೆದೇಗೆ' ಎನ್ನುತ್ತಾರೆ. ಹಕ್ಕಿಯ ರೂಪದ ಭೂತ ಬಡಿದಿದ್ದು ಅಂತ ಹಳಬರ ನಂಬಿಕೆ. ಇದನ್ನು ಅಜ್ಜಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಬಾಲಗ್ರಹ" ಅಂದರು. ಅವರ ತಮ್ಮ ಒಬ್ಬ ಹಾಗೇ ಹೋದನಂತೆ. ಚಳಿಜ್ವರ, ಹೊಟ್ಟೆಯಲ್ಲಿ ಜ್ವರಗಡ್ಡೆ, ಅಂದರೆ ಊದಿದ ಗುಲ್ಮ. ಡಿಡಿಟಿ ಹೊಡೆಯುವವರು ಇನ್ನೂ ಊರಿಗೆ ಬಂದಿರಲಿಲ್ಲ. ಇಷ್ಟು ವರ್ಷದಲ್ಲಿ ಆ ತಮ್ಮನ ಸುದ್ದಿ ನಾನು ಕೇಳಿದ್ದು ಅವತ್ತೇ.

ಬುಟ್ಟಿಯಿಂದ ಇನ್ನೊಂದು ಅಡಿಕೆ ತೆಗೆದುಕೊಂಡರು.

"ಆ ಪಕ್ಕದ್ಮನೆ ಕೂಸು ಈಗ ಎಷ್ಟು ತೂಗುತ್ತೆ?"

"ಏಳೂವರೆ ಕೆಜಿ, ಅಜ್ಜಿ."