ಶೆಟ್ಟಮ್ಮನ ಕಣ್ಣಿಗೊಂದು ಬ್ರಷ್ ಹುಡುಕುತ್ತಾ

ದಸರಾಕ್ಕೆ ಇನ್ನೂ ಆರು ವಾರ ಇದೆ. ಅಟ್ಟದಿಂದ ಅಜ್ಜಿ ಕಾಲದ ಗೊಂಬೆ ಪೆಟ್ಟಿಗೆ ಇಳಿಸಿದೆ. ಶೆಟ್ಟಿ-ಶೆಟ್ಟಮ್ಮ ಜೋಡಿ ಮಣ್ಣಿನದು, ಒಂದು ಗೇಣು ಎತ್ತರ. ಶೆಟ್ಟರು ಪರವಾಗಿಲ್ಲ. ಶೆಟ್ಟಮ್ಮನಿಗೆ ಮಾತ್ರ ಒಂದು ಕಣ್ಣು ಪೂರ್ತಿ ಮಾಸಿದೆ, ಸೀರೆ ಅಂಚಿನ ಚುಕ್ಕಿಗಳೂ ಇಲ್ಲ. ಕಣ್ಣು ಅಂದರೆ ಅಕ್ಕಿಕಾಳಿನಷ್ಟು!

ಮೊದಲ ಭಾನುವಾರ

ಶುರುವಾಗಿದ್ದೇ ಎಡವಟ್ಟಿನಿಂದ. ಧೂಳು ಒರೆಸೋಣ ಅಂತ ಒದ್ದೆ ಹತ್ತಿ ತಾಗಿಸಿದೆ, ಇದ್ದ ಒಂದು ಹುಬ್ಬೂ ಹತ್ತಿಗೆ ಬಂತು. ಹಳೆ ಬಣ್ಣ ನೀರಿಗೆ ಕರಗುವಂಥದ್ದು. ಒಣ ಬ್ರಷ್‌ನಲ್ಲಿ ಧೂಳು ಕೊಡವಿ, ತೆಳ್ಳಗೆ ವಾರ್ನಿಷ್ ಸ್ಪ್ರೇ ಹೊಡೆದು, ಒಂದು ದಿನ ಒಣಗಲು ಬಿಟ್ಟೆ. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಮೇಲೆ ಬರೆದ ಅಕ್ರಿಲಿಕ್ ಹಸಿ ಇರುವಾಗಲೇ ಒರೆಸಿ ತೆಗೆಯಬಹುದು, ಕೆಳಗಿನದಕ್ಕೆ ಏನೂ ಆಗುವುದಿಲ್ಲ. ಆಮೇಲೆ ಎಷ್ಟು ಸಲ ಒರೆಸಿದೆ ಅಂತ ಲೆಕ್ಕ ಇಟ್ಟಿಲ್ಲ.

ಎರಡನೇ ವಾರ

ಮನೆಯಲ್ಲಿದ್ದ ಸೊನ್ನೆ ನಂಬರ್ ಬ್ರಷ್ ಹಿಡಿದೆ. ರೆಪ್ಪೆಯ ಗೆರೆ ಕಂಬಳಿಹುಳುವಿನ ಹಾಗೆ ಬಂತು. ಸರಿ, ಇನ್ನೂ ಸಣ್ಣದು ಬೇಕು ಅಂತ ಅಂಗಡಿಗೆ ಹೋಗಿ ಐದು ಸೊನ್ನೆಯದು ತಂದೆ. ನಾಲ್ಕೈದು ಎಳೆ ಕೂದಲು ಅಷ್ಟೇ. ಅದರಲ್ಲಿ ಬಣ್ಣ ನಿಲ್ಲುವುದೇ ಇಲ್ಲ. ಬಟ್ಟಲಿನಿಂದ ಗೊಂಬೆಯ ಮುಖಕ್ಕೆ ಬರುವಷ್ಟರಲ್ಲಿ ತುದಿ ಒಣಗಿರುತ್ತಿತ್ತು. ಫ್ಯಾನ್ ಆರಿಸಿ ಬೆವರು ಸುರಿಸಿದರೂ ಅಷ್ಟೇ.

ಅಂದ ಹಾಗೆ, ಬ್ರಷ್ ಕೊಳ್ಳುವಾಗ ಯಾವ ಕೂದಲು ಅಂತ ಕೇಳಿ. ಮುಂಗುಸಿ ಕೂದಲಿನ ಬ್ರಷ್ ಮಾರುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಅಕ್ರಿಲಿಕ್‌ಗೆ ಹೇಗಿದ್ದರೂ ಸಿಂಥೆಟಿಕ್ ಕೂದಲೇ ಚೆನ್ನಾಗಿ ಬಾಳುತ್ತದೆ.

ಮೂರನೇ ವಾರ

ಬ್ರಷ್ ಮೇಲೆ ಸಿಟ್ಟು ಬಂದು ಕೈಗೆ ಸಿಕ್ಕಿದ್ದೆಲ್ಲ ಅದ್ದಿ ನೋಡಿದೆ. ಮೈಸೂರು ಶೈಲಿಯ ಚಿತ್ರಗಾರರು ಹಿಂದೆ ಅತಿ ಸಣ್ಣ ಗೆರೆಗೆ ಒಂದು ಜಾತಿಯ ಹುಲ್ಲಿನ ಚೂಪು ಎಸಳು ಬಳಸುತ್ತಿದ್ದರಂತೆ. ಆ ಧೈರ್ಯದಲ್ಲಿ ಪೊರಕೆ ಕಡ್ಡಿ ಚೂಪು ಮಾಡಿದೆ. ಒಂದು ಚುಕ್ಕಿ ಇಡುತ್ತದೆ, ಗೆರೆ ಎಳೆಯುವುದಿಲ್ಲ. ಆದರೆ ಚುಕ್ಕಿಗೆ ಇಂಥವೇ ಸರಿ ಅಂತ ಅರ್ಥವಾಯಿತು. ಸೀರೆ ಅಂಚಿಗೆ ದೊಡ್ಡ ಚುಕ್ಕಿ ಗುಂಡುಸೂಜಿಯ ತಲೆಯಿಂದ, ಸಣ್ಣದು ಖಾಲಿ ರೀಫಿಲ್‌ನ ಮೂತಿಯಿಂದ. ಒಂದು ಸಲ ಅದ್ದಿದರೆ ಚುಕ್ಕಿ ಒಂದಕ್ಕಿಂತ ಒಂದು ಚಿಕ್ಕದಾಗುತ್ತಾ ಹೋಗುತ್ತದೆ. ಎಲ್ಲಾ ಒಂದೇ ಅಳತೆ ಬೇಕಾದರೆ ಪ್ರತಿ ಚುಕ್ಕಿಗೂ ಅದ್ದಬೇಕು. ಬೇಜಾರಿನ ಕೆಲಸ, ರೇಡಿಯೋ ಹಾಕಿಕೊಂಡು ಕೂತೆ.

ಮೆಹಂದಿ ಕೋನ್‌ಗೆ ಬಣ್ಣ ತುಂಬುವ ಉಪಾಯ ಅಕ್ಕನದು. ಗೆರೆ ಉಬ್ಬಿ ನಿಲ್ಲುತ್ತದೆ. ಸರ, ಡಾಬು, ಬಳೆಗೆ ಬಹಳ ಚೆಂದ. ಕಣ್ಣಿಗೆ ಹಾಕಿದರೆ ಶೆಟ್ಟಮ್ಮನಿಗೆ ಕಣ್ಣುಬೇನೆ ಬಂದ ಹಾಗೆ ಕಾಣುತ್ತದೆ.

ನಾಲ್ಕನೇ ವಾರ

ಸಿಕ್ಕಿತು! ಲೈನರ್ ಬ್ರಷ್, ಒಂದನೇ ನಂಬರ್. ಕೂದಲು ತೆಳ್ಳಗೆ, ಆದರೆ ಸುಮಾರು ಎರಡು ಸೆಂಟಿಮೀಟರ್ ಉದ್ದ. ಆ ಉದ್ದದ ಹೊಟ್ಟೆಯಲ್ಲಿ ಬಣ್ಣ ನಿಲ್ಲುತ್ತದೆ, ತುದಿಗೆ ತಾನಾಗಿ ಇಳಿಯುತ್ತಾ ಇರುತ್ತದೆ. ನಾನು ಇಷ್ಟು ದಿನ ನಂಬರ್ ನೋಡುತ್ತಿದ್ದೆ, ಕೂದಲಿನ ಉದ್ದ ನೋಡಿರಲಿಲ್ಲ.

ಅರ್ಧ ತಪ್ಪು ಬಣ್ಣದ್ದೂ ಇತ್ತು ಅನ್ನಿ. ಬಾಟಲಿಯ ಬಣ್ಣ ಮೊಸರಿನ ಹಾಗೆ ಇರುತ್ತದೆ. ಗೆರೆಗೆ ಬೇಕಾದ್ದು ಹಾಲಿನ ಹದ. ಹನಿಹನಿಯಾಗಿ ನೀರು ಸೇರಿಸಿದೆ. ತೀರಾ ನೀರಾದರೆ ಮಣ್ಣಿನ ಮುಖದ ಮೇಲೆ ಹರಿದು ಕಾಡಿಗೆ ಅತ್ತ ಹಾಗೆ ಇಳಿಯುತ್ತದೆ. ಇದೂ ಆಯಿತು, ಎರಡು ಸಲ. ಬ್ರಷ್ ಅದ್ದಿದ ಮೇಲೆ ತಟ್ಟೆಯ ಮೇಲೆ ಉರುಳಿಸುತ್ತಾ ಎಳೆದರೆ ತುದಿ ಸೂಜಿಯಾಗುತ್ತದೆ.

ನಿನ್ನೆ ರಾತ್ರಿ ಕಿರುಬೆರಳನ್ನು ಶೆಟ್ಟಮ್ಮನ ಗಲ್ಲಕ್ಕೆ ಊರಿ, ಕೈ ಅಲ್ಲಾಡಿಸದೆ ಗೊಂಬೆಯನ್ನೇ ಮೆಲ್ಲಗೆ ತಿರುಗಿಸಿದೆ. ಮೇಲಿನ ರೆಪ್ಪೆ ಒಂದೇ ಎಳೆತಕ್ಕೆ ಬಂತು. ಕಪ್ಪು ಗುಡ್ಡೆಗೆ ರೀಫಿಲ್ ಮೂತಿ. ಅದು ಒಣಗಿದ ಮೇಲೆ ಅದರೊಳಗೆ ಕಡ್ಡಿಯಿಂದ ಒಂದು ಬಿಳಿ ಚುಕ್ಕಿ. ಅಮ್ಮ ಕನ್ನಡಕ ಏರಿಸಿ ನೋಡಿ, "ಒಂದು ಕಣ್ಣು ಸ್ವಲ್ಪ ಮೇಲಾಯ್ತಲ್ಲೋ" ಅಂದಳು. ಹೌದು, ಆಗಿದೆ. ಒಣಗಿಬಿಟ್ಟಿದೆ, ಇನ್ನು ಒರೆಸಲಾಗದು. ಹುಬ್ಬು ಬರೆಯುವಾಗ ಆ ಕಡೆ ಕೂದಲೆಳೆಯಷ್ಟು ಎತ್ತಿ ಸರಿಮಾಡಬೇಕು.

ಬ್ರಷ್ ಸೋಪಿನಲ್ಲಿ ತೊಳೆದು ಮಲಗಿಸಿ ಇಟ್ಟಿದ್ದೇನೆ. ಮುಂದಿನ ವಾರ ಶೆಟ್ಟರ ಮೀಸೆ.