ಕೋಲಾರಕ್ಕೆ ಎಳೆದ ತಂತಿ ಮತ್ತು ಕಾವೇರಿಯ ಲೆಕ್ಕ

ಮುಂಗಾರು ಕೈಕೊಟ್ಟ ವರ್ಷಗಳಲ್ಲೆಲ್ಲ ಕಾವೇರಿಯ ಮಾತು ಮತ್ತೆ ಏಳುತ್ತದೆ. ಮಂಡ್ಯದ ಕಬ್ಬು, ತಂಜಾವೂರಿನ ಭತ್ತ, ಬೆಂಗಳೂರಿನ ನಲ್ಲಿ, ಈ ಮೂರರ ಸುತ್ತಲೇ ಆ ಮಾತು ಗಿರಕಿ ಹೊಡೆಯುತ್ತದೆ. ಈ ಜಗಳದ ವಂಶಾವಳಿಯಲ್ಲಿ ಕೋಲಾರದ ಚಿನ್ನದ ಗಣಿಗೂ ಒಂದು ಸ್ಥಾನವಿದೆ ಎಂಬುದು ಮಾತ್ರ ಹೆಚ್ಚಿನವರ ನೆನಪಿನಲ್ಲಿಲ್ಲ. ಕೆ.ಜಿ.ಎಫ್. ಇರುವುದು ಕಾವೇರಿಯದಲ್ಲ, ಪಾಲಾರ್ ನದಿಯ ಕೊಳ್ಳದಲ್ಲಿ. ಅಲ್ಲಿನ ಕಾಲೊನಿಗಳಿಗೆ ಕುಡಿಯುವ ನೀರು ಬರುತ್ತಿದ್ದದ್ದು ಪಾಲಾರ್ ಮೇಲಿನ ಬೇತಮಂಗಲದ ಕೆರೆಯಿಂದ. ಹಾಗಿದ್ದೂ ಕಾವೇರಿಗೆ ಕಟ್ಟಿದ ಮೊದಲ ದೊಡ್ಡ ಜಲಾಶಯದ ಹಿಂದೆ ಆ ಗಣಿಯ ಹಸಿವೂ ಇತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ ನೋಡಿಕೊಳ್ಳುತ್ತಿದ್ದ ಗಣಿಗಳು ಆಳಕ್ಕೆ ಇಳಿಯತೊಡಗಿದ್ದವು. ಆಳ ಹೆಚ್ಚಿದಷ್ಟೂ ಅದಿರು ಎತ್ತುವುದಕ್ಕೆ, ನೀರು ಹೊರಹಾಕುವುದಕ್ಕೆ, ಗಾಳಿ ಒಳನೂಕುವುದಕ್ಕೆ ಬೇಕಾದ ಶಕ್ತಿಯೂ ಹೆಚ್ಚುತ್ತದೆ. ಇದ್ದ ಹಬೆ ಎಂಜಿನುಗಳಿಗೆ ದೂರದಿಂದ ಕಲ್ಲಿದ್ದಲು ತರಿಸಬೇಕು. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗಳಿಗೆ 1894ರಲ್ಲಿ ರೈಲು ಬಂದ ಮೇಲೂ ಅದರ ಖರ್ಚು ಭಾರವೇ ಆಗಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಮೈಸೂರಿನ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಅವರು ಶಿವನಸಮುದ್ರದ ಜಲಪಾತದಿಂದ ವಿದ್ಯುತ್ ತೆಗೆದು ಅಲ್ಲಿಗೆ ಕಳಿಸುವ ಯೋಜನೆಯನ್ನು ಮುಂದಿಟ್ಟದ್ದು ಈ ಸಂದರ್ಭದಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಗಣಿಗೆ ವಿದ್ಯುತ್ ಹರಿಯಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ನಗರದ ಹೆಮ್ಮೆಯ ಕಥೆಯಾಗಿ ನಾವು ಹೇಳಿಕೊಳ್ಳುವ ಆ ದೀಪಗಳು ಗಣಿಗಾಗಿ ಹಾಕಿದ ಬಂಡವಾಳದ ಬೆನ್ನೇರಿ ಬಂದವು ಎಂಬುದನ್ನು ಒಪ್ಪಿಕೊಳ್ಳಬೇಕು. ಹೇಳಿದಷ್ಟು ವಿದ್ಯುತ್ತನ್ನು ಬಿಡದೆ ಕೊಳ್ಳುವ ಒಬ್ಬ ದೊಡ್ಡ ಗಿರಾಕಿ ಇರದಿದ್ದರೆ ಸಂಸ್ಥಾನದ ಖಜಾನೆ ಅಂಥ ಸಾಹಸಕ್ಕೆ ಬಾಯಿ ತೆರೆಯುತ್ತಿತ್ತೇ ಎಂಬುದು ನನ್ನ ಅನುಮಾನ.

ತೊಡಕು ಹುಟ್ಟಿದ್ದು ಇಲ್ಲಿಂದಲೇ. ಗಣಿಗೆ ವರ್ಷದ ಹನ್ನೆರಡು ತಿಂಗಳೂ ಒಂದೇ ಸಮನೆ ವಿದ್ಯುತ್ ಬೇಕು, ನದಿ ಹಾಗೆ ಹರಿಯುವುದಿಲ್ಲ. ಬೇಸಿಗೆಯಲ್ಲಿ ಗಗನಚುಕ್ಕಿಯ ಎದುರಿನ ದಿಬ್ಬದ ಮೇಲೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಬರಿಯ ಕಪ್ಪು ಬಂಡೆ, ಅದರ ಸಂದುಗಳಲ್ಲಿ ಒಂದೆರಡು ಬಿಳಿಯ ಎಳೆ, ಕೆಳಗೆ ಕಣಿವೆಯಲ್ಲಿ ಹಳೆಯ ವಿದ್ಯುದಾಗಾರ. ನಾನು ಹೋದಾಗ ಪಕ್ಕದಲ್ಲಿದ್ದ ಕುಟುಂಬವೊಂದು ಜಲಪಾತ ಎಲ್ಲಿ ಎಂದು ಕೇಳುತ್ತಿತ್ತು. ಮೇಲೆಲ್ಲೋ ನೀರನ್ನು ತಡೆದಿಟ್ಟು ಬೇಸಿಗೆಗೆ ಬಿಡದೆ ಈ ವ್ಯವಹಾರ ನಡೆಯುವಂತಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ, 1911ರಲ್ಲಿ ಕನ್ನಂಬಾಡಿಯ ಕೆಲಸ ಶುರುವಾದಾಗ ಅದರ ಸಮರ್ಥನೆಗಳಲ್ಲಿ ನೀರಾವರಿಯ ಜೊತೆಗೆ ಗಣಿಗಳ ವಿದ್ಯುತ್ತೂ ಇತ್ತು. ನಾವು ಶಾಲೆಯಲ್ಲಿ ಓದಿದ ಪಾಠದಲ್ಲಿ ರೈತನಿದ್ದ, ಗಣಿಯಿರಲಿಲ್ಲ.

ಕೆಳಗಿನ ಮದ್ರಾಸ್ ಸುಮ್ಮನಿರಲಿಲ್ಲ. 1892ರ ಒಪ್ಪಂದದ ಪ್ರಕಾರ ತನ್ನ ಒಪ್ಪಿಗೆ ಬೇಕೆಂದು ತಕರಾರು ತೆಗೆಯಿತು. ಪಂಚಾಯಿತಿ, ತೀರ್ಪು, ಮೇಲ್ಮನವಿಗಳೆಲ್ಲ ಮುಗಿದು 1924ರ ಫೆಬ್ರವರಿಯಲ್ಲಿ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಕೃಷ್ಣರಾಜಸಾಗರಕ್ಕೆ ಅದರಿಂದ ದಾರಿಯಾದಂತೆ ಮೆಟ್ಟೂರಿಗೂ ಆಯಿತು, ಮೆಟ್ಟೂರು ಅಣೆಕಟ್ಟು 1934ರಲ್ಲಿ ಮುಗಿಯಿತು. ಮೈಸೂರಿನ ಕಡೆ ಇರ್ವಿನ್ ನಾಲೆ ಮಂಡ್ಯದ ಒಣ ಬಯಲಿಗೆ ನೀರು ತಂದಿತು. ಆ ನೀರನ್ನು ನಂಬಿ ಕಬ್ಬು, ಕಬ್ಬನ್ನು ನಂಬಿ 1933ರಲ್ಲಿ ಸಕ್ಕರೆ ಕಾರ್ಖಾನೆ, ಕಾರ್ಖಾನೆಯನ್ನು ನಂಬಿ ಊರು, ಊರನ್ನು ನಂಬಿ ರಾಜಕೀಯ ಬೆಳೆದವು. ಒಪ್ಪಂದದ ಕೆಲವು ಅಂಶಗಳನ್ನು ಐವತ್ತು ವರ್ಷಗಳ ನಂತರ ಮರುಪರಿಶೀಲಿಸಬಹುದೆಂದು ಬರೆದಿದ್ದರಿಂದ 1974 ಬಂದಾಗ ಜಗಳವೂ ಹೊಸದಾಗಿ ಬಂತು. ಅದೇ 1974ರಲ್ಲಿ ಬೆಂಗಳೂರಿಗೆ ಕಾವೇರಿಯ ಮೊದಲ ಹಂತದ ನೀರೂ ಬಂತು. ಇದು ಕಾಕತಾಳೀಯವೇ ಇರಬಹುದು, ಆದರೆ ಹೊಸ ಹಕ್ಕುದಾರನೊಬ್ಬ ಸರಿಯಾಗಿ ಆ ಹೊತ್ತಿಗೇ ಬಾಗಿಲಲ್ಲಿ ಬಂದು ನಿಂತಂತಾಯಿತು.

ಇತ್ತ ಗಣಿಯಲ್ಲಿ ಆ ವಿದ್ಯುತ್ತು ಏನೇನನ್ನು ಸಾಧ್ಯವಾಗಿಸಿತು ಎಂಬುದನ್ನೂ ಹೇಳಬೇಕು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಷ್ಟು ಕೆಳಗೆ ಬಂಡೆಯ ಉಷ್ಣತೆ ಅರವತ್ತು ಡಿಗ್ರಿ ದಾಟುತ್ತದೆ. ಮೇಲಿನಿಂದ ತಂಪು ಗಾಳಿ ಬರುತ್ತಿಲ್ಲವಾದರೆ ಮನುಷ್ಯ ಅಲ್ಲಿ ಕೆಲಸ ಮಾಡುವ ಮಾತೇ ಇಲ್ಲ. ಕೇಜಿನಲ್ಲಿ ನಿಂತು ಇಳಿಯುವ ಕಾರ್ಮಿಕನ ಉಸಿರು ಕಾವೇರಿಯ ಹರಿವಿಗೆ ಗಂಟುಬಿದ್ದಿತ್ತು ಎಂದರೆ ಅದು ಅಲಂಕಾರದ ಮಾತಲ್ಲ. ಚಿನ್ನಕ್ಕಾಗಿ ತೋಡಿದ ಈ ಆಳ ಭೌತವಿಜ್ಞಾನಿಗಳಿಗೂ ಒದಗಿತು. ಮೇಲಿನಿಂದ ಸುರಿಯುವ ವಿಶ್ವಕಿರಣಗಳ ಗದ್ದಲವನ್ನು ಸೋಸಲು ಅವರಿಗೆ ಕಿಲೋಮೀಟರುಗಟ್ಟಲೆ ದಪ್ಪದ ಬಂಡೆ ಬೇಕಿತ್ತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ಸಹೋದ್ಯೋಗಿಗಳೊಂದಿಗೆ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವನ್ನು ಹಿಡಿದರು. ಯಾವ ಸಂಶೋಧನಾ ಸಂಸ್ಥೆಯೂ ಅಷ್ಟು ಆಳದ ಗುಂಡಿಯನ್ನು ತನ್ನ ಖರ್ಚಿನಲ್ಲಿ ತೋಡುತ್ತಿರಲಿಲ್ಲ. ಆಮೇಲೆ ಚಿನ್ನದ ಲೆಕ್ಕ ಕೂಡಿಬರದೆ 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು. ಪಂಪು ನಿಂತ ಗಣಿಯಲ್ಲಿ ನೀರು ತುಂಬಿಕೊಂಡಿತು. ಮೇಲೆ ಉಳಿದದ್ದು ಅದಿರು ಸೋಸಿದ ಬೂದುಬಣ್ಣದ ದಿಬ್ಬಗಳು; ಸೈನೈಡ್ ದಿಬ್ಬ ಎಂದೇ ಅವಕ್ಕೆ ಹೆಸರು, ಗಾಳಿ ಬೀಸಿದರೆ ಅದರ ಧೂಳು ಮನೆಗಳೊಳಕ್ಕೆ ಬರುತ್ತದೆ.

ಈ ಇಡೀ ಕಥೆಯಲ್ಲಿ ನನ್ನನ್ನು ಕಾಡುವುದು ಇದು: ಕಾರಣವಾಗಿದ್ದ ಗಣಿ ಹೋಯಿತು, ಆದರೆ ಅದರಿಂದ ಹುಟ್ಟಿದ ಸಂಬಂಧಗಳಲ್ಲಿ ಒಂದೂ ಸಡಿಲವಾಗಲಿಲ್ಲ. ಅಣೆಕಟ್ಟು, ನಾಲೆ, ಕಬ್ಬು, ನೀರಿನ ಜಗಳ ಎಲ್ಲವೂ ಹಾಗೆಯೇ ಇವೆ. ಒಂದು ವ್ಯವಸ್ಥೆ ಇನ್ನೊಂದರ ಮೇಲೆ ನಿಂತಿರುತ್ತದೆ ಎನ್ನುತ್ತೇವೆ. ಕೆಳಗಿನದನ್ನು ತೆಗೆದರೂ ಮೇಲಿನದು ಬೇರೆ ಆಸರೆ ಹುಡುಕಿಕೊಂಡು ನಿಲ್ಲುತ್ತದೆ ಎಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಇಲ್ಲಿ ಆ ಹೊಸ ಆಸರೆ ಬೆಂಗಳೂರು.

ಶಕ್ತಿ ಹರಿಯುವ ದಿಕ್ಕು ಮಾತ್ರ ತಿರುಗಿದೆ. ಶಿವನಸಮುದ್ರದ ಬಳಿ ಎತ್ತಿದ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಅಲ್ಲಿ, ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ ಎಂದು ಮೂರು ಕಡೆ ಪಂಪು ಮಾಡಿ, ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿಸಿ ನಗರಕ್ಕೆ ತರಲಾಗುತ್ತದೆ. ಒಂದು ಕಾಲದಲ್ಲಿ ಬೆಂಗಳೂರಿಗೆ ವಿದ್ಯುತ್ ಕಳಿಸುತ್ತಿದ್ದ ನದಿಯನ್ನು ಮೇಲಕ್ಕೆ ತರಲು ಈಗ ವಿದ್ಯುತ್ ಸುರಿಯಬೇಕು; ಜಲಮಂಡಳಿಯ ಖರ್ಚಿನಲ್ಲಿ ಅತಿ ದೊಡ್ಡ ಪಾಲು ಕರೆಂಟಿನ ಬಿಲ್ಲೇ. ತೊರೆಕಾಡನಹಳ್ಳಿಯಲ್ಲಿ ಕರೆಂಟು ಹೋದ ದಿನ ಜಯನಗರದ ಸಂಪು ತುಂಬುವುದಿಲ್ಲ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತಕ್ಕೆ ಚಾಲನೆ ಸಿಕ್ಕ ಮೇಲೆ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ನೀರು ಇದೇ ದಾರಿಗೆ ಸೇರಿದೆ.

ನಗರ ಯಾವ ಕೊಳ್ಳಕ್ಕೆ ಸೇರಿದ್ದು ಎಂಬ ಪ್ರಶ್ನೆಗೆ ನ್ಯಾಯಾಲಯವೇ ತಲೆ ಕೊಡಬೇಕಾಯಿತು. ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ಕಾವೇರಿ ಜಲವಿವಾದ ನ್ಯಾಯಾಧಿಕರಣ 2007ರಲ್ಲಿ ಲೆಕ್ಕ ಹಾಕಿತ್ತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಗೆರೆಯನ್ನು ಬದಿಗಿಟ್ಟು ಇಡೀ ನಗರದ ಅಗತ್ಯವನ್ನು ಪರಿಗಣಿಸಿ, ಕರ್ನಾಟಕಕ್ಕೆ ಹೆಚ್ಚಾಗಿ ಕೊಟ್ಟ 14.75 ಟಿ.ಎಂ.ಸಿ.ಯಲ್ಲಿ 4.75 ಟಿ.ಎಂ.ಸಿ.ಯನ್ನು ಬೆಂಗಳೂರಿಗೆಂದು ಹೇಳಿತು. ಮನುಷ್ಯರ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನ. ಆದರೆ ಭೂಮಿಯ ಇಳಿಜಾರು ಕೋರ್ಟಿನ ಮಾತು ಕೇಳುವುದಿಲ್ಲ: ಕಾವೇರಿಯಿಂದ ಬಂದು ಬಳಕೆಯಾದ ನೀರಿನ ಬಹುಪಾಲು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯ ಕಡೆಗೇ ಹರಿಯುತ್ತದೆ.

ಆ ನೀರಿನ ಒಂದು ಪಾಲನ್ನು ಎರಡು ಹಂತ ಸಂಸ್ಕರಿಸಿ, ಮತ್ತೆ ಪಂಪು ಮಾಡಿ, ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆ ಶುರುವಾದದ್ದು ಅದೇ 2018ರಲ್ಲಿ. ಮೊದಲು ನೀರು ಕಂಡ ಲಕ್ಷ್ಮೀಸಾಗರದ ಕೆರೆಯಲ್ಲಿ ಬೇಗನೇ ನೊರೆಯೂ ಕಂಡಿತು, ವಿಷಯ ನ್ಯಾಯಾಲಯಕ್ಕೂ ಹೋಯಿತು. ವರ್ಷಗಟ್ಟಲೆ ಒಣಗಿದ್ದ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ ಎನ್ನುವ ರೈತರೂ ಇದ್ದಾರೆ, ಮೂರನೆಯ ಹಂತದ ಸಂಸ್ಕರಣೆ ಇಲ್ಲದೆ ಈ ನೀರು ಬೇಡವೆಂದು ಹೋರಾಡುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆ ಕೆರೆಗಳ ಕೆಳಗೆ ಬೆಳೆದ ಟೊಮೆಟೊ, ಸೊಪ್ಪು ಮರುದಿನ ಬೆಂಗಳೂರಿನ ಮಾರುಕಟ್ಟೆಗೇ ಬರುವುದರಿಂದ, ಸಂಸ್ಕರಣೆಯ ಗುಣಮಟ್ಟ ಕೋಲಾರದವರ ತಲೆನೋವು ಮಾತ್ರ ಎಂದು ನಗರದವರು ತಿಳಿದುಕೊಳ್ಳುವಂತಿಲ್ಲ.

ಹೀಗೆ ಕೋಲಾರಕ್ಕೆ ಏರಿಸಿದ ನೀರು ಇಲ್ಲವಾದರೆ ದಕ್ಷಿಣ ಪಿನಾಕಿನಿಯಲ್ಲಿ ತಮಿಳುನಾಡಿನ ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟೆಯ ಕಡೆ ಇಳಿಯುತ್ತಿತ್ತು. ಅಲ್ಲಿನ ರೈತರಿಗೆ ಬೆಂಗಳೂರಿನಿಂದ ನೊರೆ ಬಂದರೂ ಕಷ್ಟ, ನೀರೇ ಬಾರದಿದ್ದರೂ ಕಷ್ಟ. ಸಣ್ಣ ನೀರಾವರಿ ಇಲಾಖೆ ಕೋಲಾರದ ಕೆರೆಗಳ ಲೆಕ್ಕ ಇಡುತ್ತದೆ, ಜಲಮಂಡಳಿ ಸಂಸ್ಕರಣಾ ಘಟಕಗಳದ್ದು, ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವ ಬಿಳಿಗುಂಡ್ಲುವಿನ ಹರಿವಿನದ್ದು. ಈ ಮೂರೂ ಕಡತಗಳಲ್ಲಿ ಕೆಲವರಪಳ್ಳಿ ಯಾರ ಬಾಬತ್ತು ಎಂದು ಕೇಳಿದರೆ ಯಾವ ಕಚೇರಿಯಿಂದ ಉತ್ತರ ಬರಬೇಕೆಂಬುದೇ ಇನ್ನೂ ತೀರ್ಮಾನವಾಗಿಲ್ಲ.