ಮರ ನೋಡಿ ಮಣ್ಣಿನ ಆಳ ಬರೆದೆ

92 ಸೆಂ.ಮೀ. ಈ ಅಂಕಿಯನ್ನು ನಾನೇ ಟ್ಯಾಬ್‌ನಲ್ಲಿ ತುಂಬಿದ್ದೆ. ಮೂರು ವರ್ಷ ಕಳೆದರೂ ಮಣ್ಣು ಕೊರೆಯುವ ಆಗರ್ ಹಿಡಿದಾಗಲೆಲ್ಲ ಅದು ನೆನಪಾಗಿ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಮ್ಮದು ಮಣ್ಣಿನ ಸರ್ವೆ ಕೆಲಸ, ಗುತ್ತಿಗೆ ಮೇಲೆ, ಪಾಯಿಂಟ್ ಲೆಕ್ಕದಲ್ಲಿ, ಅಂದರೆ ಕೊರೆದು ನೋಡಿದ ಒಂದೊಂದು ಜಾಗಕ್ಕೆ ಇಷ್ಟು ಎಂದು. ಆ ಬೇಸಿಗೆಯಲ್ಲಿ ಚಿಂಚೋಳಿ ತಾಲ್ಲೂಕಿನ ಕೊಂಚಾವರಂ ಕಡೆಯ ಗುಡ್ಡಗಳು ನನ್ನ ಪಾಲಿಗೆ ಬಂದಿದ್ದವು. ಕಲಬುರಗಿ ಎಂದರೆ ಎರೆ ಭೂಮಿ, ತೊಗರಿ ಅಷ್ಟೇ ಎಂದುಕೊಂಡವರು ಒಮ್ಮೆ ಈ ಗುಡ್ಡ ಹತ್ತಬೇಕು. ಬದಿಗಳು ಕಡಿದು, ನೆತ್ತಿ ಮಾತ್ರ ಕಣದ ಹಾಗೆ ಮಟ್ಟಸ. ಬುಡದಲ್ಲಿ ಕಪ್ಪು ಬಸಾಲ್ಟ್, ಅದರ ಮೇಲೆ ಮುಚ್ಚಳದಂತೆ ಜಂಬಿಟ್ಟಿಗೆ ಕಲ್ಲು, ಕಲ್ಲಿನ ಮೇಲೆ ಜಲ್ಲಿ ಬೆರೆತ, ಮರಳಿನಂತೆ ಕಾಣುವ ಕೆಂಪು ಮಣ್ಣು. ಆ ಮಣ್ಣಿನಲ್ಲಿ ಸಾಗವಾನಿ, ದಿಂಡಲ, ಮತ್ತಿ ಮರಗಳು ಎತ್ತರಕ್ಕೆ ನಿಂತಿದ್ದವು. ಇಷ್ಟು ದೊಡ್ಡ ಮರ ಇದ್ದಲ್ಲಿ ಮಣ್ಣು ಆಳವಾಗಿರಲೇಬೇಕು ಎಂದುಕೊಂಡೆ. ತಪ್ಪು ಅಲ್ಲಿಂದಲೇ ಶುರುವಾಯಿತು.

ಸಾಮಾನು ಹೊರಲು ಹತ್ತಿರದ ತಾಂಡಾದ ಹಿರಿಯರೊಬ್ಬರು ಬಂದಿದ್ದರು. ನಾನು ಕಾಕಾ ಅನ್ನುತ್ತಿದ್ದೆ. ಮೊದಲ ದಿನವೇ ಹೇಳಿದ್ದರು: "ಸರ, ಇಲ್ಲಿ ಮೊಳ ಮಣ್ಣು ಸಿಗಾದು ಕಷ್ಟ. ತೆಳಗೆಲ್ಲ ಹಾಸಬಂಡಿ ಅದ." ನಾನು ಆಗರ್ ಹಾಕಿ ತಿರುಗಿಸಿದೆ. 30 ದಾಟಿತು, 50 ದಾಟಿತು, 92ಕ್ಕೆ ನಿಂತಿತು. "ನೋಡ್ರಿ ಕಾಕಾ" ಅಂದೆ. ಅವರು ಮಾತಾಡಲಿಲ್ಲ. ಉಳಿದ ನಾಲ್ಕು ಪಾಯಿಂಟ್‌ಗಳಲ್ಲೂ 80ರ ಮೇಲೆಯೇ ಬಂತು. ಮಣ್ಣಿನ ಪದರ ಕಣ್ಣಾರೆ ನೋಡುವ ಪ್ರೊಫೈಲ್ ಗುಂಡಿ ತೆಗೆಸಲು ಬಜೆಟ್ ಇಲ್ಲ, ಪಾಯಿಂಟ್ ಮುಗಿಸಿ ಎಂದು ಆಫೀಸಿನಿಂದ ದಿನಕ್ಕೆ ಎರಡು ಸಲ ಫೋನು. 75ರಿಂದ 100 ಸೆಂ.ಮೀ.ನ ವರ್ಗ ಆರಿಸಿ ಸಿಂಕ್ ಕೊಟ್ಟೆ. ಆ ಒಂದು ಆಯ್ಕೆಯ ಮೇಲೆ ಇಡೀ ನೆತ್ತಿಗೆ ಸಸಿ ನೆಡಲು ಎರಡು ಅಡಿ ಆಳದ 400 ಗುಂಡಿ ಮಂಜೂರಾದವು.

ಜೂನ್‌ನಲ್ಲಿ ಗುಂಡಿ ಅಗೆಯಲು ಹದಿನಾಲ್ಕು ಮಂದಿ ಬಂದರು. ಕೂಲಿ ದಿನದ ಲೆಕ್ಕದ್ದಲ್ಲ, ಗುಂಡಿ ಲೆಕ್ಕದ್ದು. ಬೆಳಿಗ್ಗೆ ಏಳಕ್ಕೆ ಶುರುವಾದ ಕೆಲಸದಲ್ಲಿ ಹನ್ನೊಂದರ ಹೊತ್ತಿಗೆ ಮುಗಿದದ್ದು ಮೂರು ಗುಂಡಿ. ನಾನು ತಲುಪಿದಾಗ ಹಾರೆಗಳು ನೆಲಕ್ಕೆ ಬಿದ್ದಿದ್ದವು. ಒಬ್ಬಾಕೆ ಅಂಗೈಯ ಬೊಬ್ಬೆ ತೋರಿಸಿ, "ಕಲ್ಲು ಒಡಿಲಾಕ ಬಂದಿವೇನ್ರಿ ನಾವು?" ಅಂದರು. ಸೈಟ್ ನೋಡಲು ಬಂದಿದ್ದ ಮೇಲಿನವರು ನನ್ನ ಕಡೆ ತಿರುಗಿ, "ರಿಪೋರ್ಟ್ ನಿಮ್ದೇ ಅಲ್ಲಾ?" ಎಂದು ಕೇಳಿದರು.

ಹೌದು ಅನ್ನುವ ಬದಲು ನಾನು ಆಗರ್ ತೆಗೆದೆ. ನನ್ನ ಹಳೆಯ ಪಾಯಿಂಟ್ ಮರದ ಬುಡದಲ್ಲಿ ಇನ್ನೂ ಗುರುತು ಹಿಡಿಯುವಂತಿತ್ತು. ಹಾಕಿದೆ, ಮತ್ತೆ 92. ಸಮಾಧಾನವಾಯಿತು. ಒಂದು ಗೇಣು ಸರಿದು ಹಾಕಿದೆ. 22ಕ್ಕೆ ಕಲ್ಲು. ಎರಡು ಹೆಜ್ಜೆ ಆಚೆ 27. ಇನ್ನೊಂದು ಕಡೆ 31. ಹದಿನಾಲ್ಕು ಮಂದಿ ಸುತ್ತ ನಿಂತು ನೋಡುತ್ತಿದ್ದರು. ಆಗರ್ ಕಲ್ಲಿಗೆ ತಾಗಿ ಕರಕರ ಅನ್ನುವುದೊಂದೇ ಸದ್ದು. ನಾಲ್ಕೈದು ನಿಮಿಷ ಇರಬಹುದು. ನಾನು ತಲೆ ಎತ್ತಲಿಲ್ಲ, ಇನ್ನೊಂದು ಕಡೆಯಾದರೂ ಇಳಿದೀತು ಎಂದು ಹಾಕುತ್ತಲೇ ಇದ್ದೆ.

ಕೊನೆಗೆ ಕಾಕಾ ಸಲಿಕೆ ತೆಗೆದುಕೊಂಡು ಒಂದು ಮಾರು ಉದ್ದ ಮಣ್ಣು ಕೆರೆದು ಸರಿಸಿದರು. ಕೆಳಗೆ ಕೆಂಪು ಹಾಸುಗಲ್ಲು, ಅದರ ನಡುವೆ ಅಂಗೈ ಅಗಲದ ಒಂದು ಬಿರುಕು. ಬಿರುಕಿನ ತುಂಬ ಮೇಲಿನಿಂದ ಕೊಚ್ಚಿ ಬಂದ ಮೆದು ಮಣ್ಣು. ಮರದ ಬೇರು ಅದರೊಳಗೆ ಇಳಿದಿತ್ತು, ನನ್ನ ಆಗರ್ ಕೂಡ. "ಮರ ತನ್ನ ದಾರಿ ಹುಡುಕ್ಯಾದ ಸರ" ಅಂದರು ಕಾಕಾ, ಮೆಲ್ಲಗೆ.

ಐದು ಪಾಯಿಂಟೂ ಬಿರುಕಿನಲ್ಲೇ ಬಿದ್ದದ್ದು ಹೇಗೆ ಎಂದು ಆ ರಾತ್ರಿ ನಿದ್ದೆಗೆಟ್ಟು ಯೋಚಿಸಿದೆ. ಏಪ್ರಿಲ್ ಬಿಸಿಲಿಗೆ ನೆಲ ಗಟ್ಟಿಯಾಗಿರುತ್ತದೆ, ಆಗರ್ ಇಳಿಯುವುದಿಲ್ಲ. ಹಾಗಾಗಿ ನೆರಳಿದ್ದಲ್ಲಿ, ಎಲೆ ಬಿದ್ದು ಮೆದುವಾದಲ್ಲಿ, ಮರದ ಬುಡದಲ್ಲಿ ಹಾಕಿದ್ದೆ. ಮೆದುವಾಗಿದ್ದ ಕಡೆ ಮೆದು ಯಾಕೆ ಎಂದು ಕೇಳಿಕೊಂಡಿರಲಿಲ್ಲ. ಬಿರುಕಿದ್ದಲ್ಲೇ ಮರ, ಮರವಿದ್ದಲ್ಲೇ ನಾನು.

ಅದೇ ದಿನ ಲೆಕ್ಕವನ್ನೂ ಹಾಕಿ ನೋಡಿದೆ. 30 ಸೆಂ.ಮೀ. ಮಣ್ಣು, ಅದರಲ್ಲಿ ಜಲ್ಲಿಯೇ ನೂರಕ್ಕೆ 40 ಪಾಲು. ಉಳಿದ ಸಣ್ಣ ಮಣ್ಣು ಗಿಡಕ್ಕೆ ದಕ್ಕುವ ನೀರನ್ನು ನೂರಕ್ಕೆ 10ರಷ್ಟು ಹಿಡಿದೀತು ಎಂದರೂ ಒಟ್ಟು 18 ಮಿ.ಮೀ. ಮುಂಗಾರು ನಡುವೆ ಒಂದು ವಾರ ಬಿಡುವು ಕೊಟ್ಟರೆ ಎಳೆ ಸಸಿ ಒಣಗಲು ಅಷ್ಟೇ ಸಾಕು. ಕೆಳಗಿನ ಎರೆ ಹೊಲದಲ್ಲಿ ಒಂದು ಮೀಟರ್ ಮಣ್ಣು ಇದರ ಹತ್ತು ಪಟ್ಟು ಹಿಡಿಯುತ್ತದೆ. ಲ್ಯಾಬ್ ರಿಪೋರ್ಟ್ ನೋಡಿದರೆ ಇದು ಗೊತ್ತಾಗುವುದೇ ಇಲ್ಲ. ಅಲ್ಲಿ 2 ಮಿ.ಮೀ. ಜರಡಿಯಲ್ಲಿ ಸೋಸಿ, ಮೇಲೆ ಉಳಿದ ಜಲ್ಲಿ ಬಿಟ್ಟು ಕೆಳಗೆ ಬಿದ್ದದ್ದನ್ನಷ್ಟೇ ಪರೀಕ್ಷೆ ಮಾಡುತ್ತಾರೆ. ಸೋಸಿದ ಮಣ್ಣು ಕಾಗದದ ಮೇಲೆ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ.

ಮಣ್ಣಲ್ಲಿ ಮರಳೆಷ್ಟು, ಜೇಡಿಯೆಷ್ಟು ಎಂದು ಬೆರಳಲ್ಲಿ ಉಜ್ಜಿ ನೋಡಿದ್ದರಲ್ಲೂ ಎಡವಿದ್ದೆ. ಬರೀ ಮರಳು ಎಂದು ಬರೆದಿದ್ದೆ. ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡು ಜೇಡಿ ಕಣಗಳನ್ನು ಅಂಟಿಸಿ ಮರಳಿನ ಗಾತ್ರದ ಕಾಳು ಮಾಡಿಟ್ಟಿರುತ್ತದೆ. ನೀರು ಹಾಕಿ ರೊಟ್ಟಿ ಹಿಟ್ಟಿನ ಹಾಗೆ ಐದಾರು ನಿಮಿಷ ನಾದಿದರೆ ಮಾತ್ರ ಜೇಡಿ ಕೈಗೆ ಹತ್ತುತ್ತದೆ. ನಾನು ಅರ್ಧ ನಿಮಿಷ ನಾದಿದ್ದೆ. ಇದೇ ಕಬ್ಬಿಣ ರಂಜಕವನ್ನೂ ಗಿಡಕ್ಕೆ ಸಿಗದಂತೆ ಹಿಡಿದಿಡುತ್ತದೆ. ಸಾರ ಅಂತ ಇರುವುದು ಎಲೆ ಕೊಳೆತು ಕಪ್ಪಾದ ಮೇಲಿನ ನಾಲ್ಕು ಬೆರಳು ಮಣ್ಣಿನಲ್ಲಿ. ಗುಂಡಿ ಅಗೆದಾಗ ಅದನ್ನೇ ಮೊದಲು ತೆಗೆದು ಬದಿಗೆ ಚೆಲ್ಲಿದ್ದರು.

ಆ ನೆತ್ತಿಯನ್ನು ಬಂಜರು ಅನ್ನುವವರ ಮೇಲೆ ನನಗೆ ಈಗ ಸಿಟ್ಟು ಬರುತ್ತದೆ. ಮಣ್ಣು ಹಿಡಿದಿಡಲಾಗದ ಮಳೆ ಬಿರುಕುಗಳಲ್ಲಿ ಇಳಿದು, ಜಂಬಿಟ್ಟಿಗೆಯ ತೂತುಗಳಲ್ಲಿ ಹರಿದು, ಕೆಳಗಿನ ಗಟ್ಟಿ ಪದರಕ್ಕೆ ತಾಗಿ ಬದಿಗೆ ಬರುತ್ತದೆ. ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಲ್ಲಿ ನಡೆದವರು ನಡೆದದ್ದು ಇಂಥ ನೀರಿನಲ್ಲೇ. ಅಲ್ಲಿಯದೇ ನೌಬಾದಿನ ಸುರಂಗ ಬಾವಿಗೂ, ಅಂದರೆ ನೆಲದಡಿ ಕೊರೆದ ಹಳೆಯ ನೀರಿನ ಕಾಲುವೆಗೂ, ಜಂಬಿಟ್ಟಿಗೆಯಲ್ಲಿ ಇಂಗಿದ ನೀರೇ ಆಧಾರ. ಮೇಲಿನ ಕಾಡು, ಅದರ ಎಲೆ ಹಾಸು ಇದ್ದರೆ ಮಳೆ ಕೊಚ್ಚಿ ಹೋಗದೆ ಬಿರುಕಿಗೆ ಇಳಿಯುತ್ತದೆ.

ಗುಂಡಿ ಕೆಲಸ ನಿಲ್ಲಿಸಿದರು. ಬಿರುಕು ಸಿಕ್ಕಲ್ಲಿ ಮಾತ್ರ ಸಸಿ ನೆಟ್ಟೆವು, ಅರವತ್ತರ ಹತ್ತಿರ. ಜಾಗ ತೋರಿಸಿದ್ದು ಕಾಕಾ. ಹಾರೆಯ ಹಿಂಬದಿಯಿಂದ ನೆಲ ಕುಟ್ಟುತ್ತ ಹೋಗಿ, ಸದ್ದು ಮಂದವಾದಲ್ಲಿ ನಿಲ್ಲುತ್ತಿದ್ದರು.

ಈಗ ಚೀಲದಲ್ಲಿ ಒಂದು ಕಬ್ಬಿಣದ ಸಳಿ ಇರುತ್ತದೆ. ಒಂದು ಪಾಯಿಂಟಿಗೆ ಸುತ್ತ ಹತ್ತು ಕಡೆ ಚುಚ್ಚುತ್ತೇನೆ, ಬಯಲಲ್ಲೂ, ಬುಡದಲ್ಲೂ. ಟ್ಯಾಬ್‌ನಲ್ಲಿ ಆಳಕ್ಕೆ ಇನ್ನೂ ಒಂದೇ ಕಾಲಂ. ಎರಡು ಬೇಕೆಂದು ಮೂರು ಸಲ ಮೇಲ್ ಬರೆದೆ, ಉತ್ತರವಿಲ್ಲ. ಕಡಿಮೆ ಅಂಕಿಯನ್ನು ಕಾಲಂಗೆ ಹಾಕಿ, ಬಿರುಕಿನದ್ದನ್ನು ರಿಮಾರ್ಕ್ಸ್‌ನಲ್ಲಿ ಬರೆಯುತ್ತೇನೆ.

ಅಂದಿನ ಕೂಲಿಯನ್ನು ದಿನದ ಲೆಕ್ಕದಲ್ಲಿ ಕೊಡಿ, ತಪ್ಪು ನನ್ನದು ಎಂದು ಅದೇ ಸಂಜೆ ಆಫೀಸಿಗೆ ಬರೆದುಕೊಟ್ಟಿದ್ದೆ. ಹದಿನಾಲ್ಕು ಮಂದಿಗೆ ಅದು ತಲುಪಿದ್ದು ದೀಪಾವಳಿ ಕಳೆದ ಮೇಲೆ.